‘ಆಗುವುದಿಲ್ಲ’ ಎನ್ನಲು ಕಲಿತ ಹೊಲಿಗೆ ಅಂಗಡಿ

ದರ್ಜಿಯ ಅಂಗಡಿಗೆ ಹೋಗಿ, ಅವರು ಹೇಳಿದ ದಿನವೇ, ಒಂದೇ ಸಲಕ್ಕೆ ರವಿಕೆ ತಂದವರು ಇಲ್ಲಿ ಯಾರಾದರೂ ಇದ್ದರೆ ಒಮ್ಮೆ ಕೈ ಎತ್ತಿ. ಮಹಿಳಾ ಸಂಘದ ಸಭೆಗಳಲ್ಲಿ ಈ ಕಥೆ ಓದುವಾಗಲೆಲ್ಲ ನಾನು ಹೀಗೆ ಕೇಳುತ್ತೇನೆ. ಮೇಲೆದ್ದ ಕೈಯನ್ನು ಇದುವರೆಗೆ ಕಂಡಿಲ್ಲ. ಎಲ್ಲರೂ ನಗುತ್ತಾರೆ. ನಗುವವರಲ್ಲಿ ಹೊಲಿಗೆಯವರೂ ಇರುತ್ತಾರೆ, ಅವರ ನಗು ಮಾತ್ರ ಸ್ವಲ್ಪ ಬೇಗ ನಿಲ್ಲುತ್ತದೆ.

ಕೋಟದ ಬಸ್ ನಿಲ್ದಾಣದ ಹತ್ತಿರ ರಮಿತಾಳದ್ದೊಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ಎರಡು ಮೆಷಿನ್, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಅಳತೆ ನೋಡಲು ಕಟ್ಟಿದ ಪರದೆ. ಬಾಗಿಲ ಬಳಿ ಅವಳ ಅತ್ತೆ ಸುಂದರಿ ಕುಳಿತು ರವಿಕೆಗಳಿಗೆ ಹುಕ್ಕು ಹಾಕುತ್ತಾರೆ. ರಮಿತಾ ಹೊಲಿದ ರವಿಕೆ ಮೈಗೆ ಸರಿಯಾಗಿ ಕೂರುತ್ತದೆ ಎಂದು ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರು.

ರಮಿತಾ ಮಾತಿಗೆ ತಪ್ಪುವವಳಲ್ಲ. ಸಂಘದ ಸಭೆ ನಾಲ್ಕಕ್ಕೆ ಎಂದರೆ ಅಷ್ಟರಲ್ಲಿ ಬಂದು ಚಾಪೆ ಹಾಸಿರುತ್ತಾಳೆ. ಯಾರ ಮನೆಯ ಕಾರ್ಯಕ್ಕಾದರೂ ಕಡುಬು ತರುತ್ತೇನೆಂದರೆ ಜ್ವರ ಬಂದರೂ ಕಡುಬು ಬರುತ್ತದೆ. ಗಂಡ ಚಂದ್ರ ಫೋನಿನಲ್ಲಿ ‘ಹೊರಟೆ’ ಎಂದು ಹೇಳಿ ಇನ್ನೂ ಹೊರಡದೆ ಇದ್ದರೆ ಎರಡು ದಿನ ಅವನೊಡನೆ ಮಾತಿಲ್ಲ. ಸುಳ್ಳೆಂದರೆ ಅವಳಿಗೆ ಅಷ್ಟು ಸಿಟ್ಟು.

ಆದರೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅದೇ ರಮಿತಾ ಬೇರೆಯೇ ಹೆಂಗಸು.

“ಬುಧವಾರ ಬನಿ ಅಕ್ಕ, ಖಂಡಿತ ಆತ್ತ್” ಎನ್ನುತ್ತಾಳೆ. ಬುಧವಾರ ಹೋದರೆ, “ಹುಕ್ಕ್ ಒಂದ್ ಬಾಕಿ ಇತ್ತ್ ಅಕ್ಕ, ನಾಳಿ ಬನಿ.” ಬಾಕಿ ಇರುವುದು ಹುಕ್ಕಲ್ಲ, ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುವುದಿಲ್ಲ. ಮರುದಿನ ಕರೆಂಟ್ ಇರಲಿಲ್ಲ. ಅದರ ಮರುದಿನ ಮೆಷಿನ್ ಹಾಳು. ಹೊಲಿಗೆ ಕಲಿಯುವಾಗ ಕಾಜಾ ಹಾಕುವುದರ ಜೊತೆಗೇ ಅವಳು ಕಲಿತ ಮಾತುಗಳು ಇವು. ದರ್ಜಿ ಕೆಲಸವೆಂದರೆ ಇದು ಇದ್ದದ್ದೇ ಎಂದು ಅವಳೂ ನಂಬಿದ್ದಳು, ಗಿರಾಕಿಗಳೂ ನಂಬಿದ್ದರು.

ಇಷ್ಟಕ್ಕೆಲ್ಲ ಕಾರಣ, ಬಂದ ಬಟ್ಟೆಯನ್ನೆಲ್ಲ ಅವಳು ತೆಗೆದುಕೊಳ್ಳುತ್ತಿದ್ದುದು. ಯಾರಿಗೂ ಆಗುವುದಿಲ್ಲ ಎನ್ನಬಾರದು, ಅತ್ತೆಯ ಪಾಠವೂ ಅದೇ. “ಆತಿಲ್ಲೆ ಅಂದ್ರೆ ಬೇರೆ ಅಂಗ್ಡಿಗೆ ಹೋತ್ರ್. ಹೋದವ್ರ್ ವಾಪಾಸ್ ಬತ್ರಾ? ಬಟ್ಟಿ ತಕಂಡ್ ಇಡ್, ಆಮೇಲೆ ಕಾಂಬ.”

ಮದುವೆಯ ದಿನಗಳು ಶುರುವಾದವು. ಮೇಜಿನ ಕೆಳಗೆ ಬಟ್ಟೆಯ ರಾಶಿ ಬೆಳೆಯಿತು. ಒಂದು ಸಂಜೆ ಪಡುಕೆರೆಯ ರತ್ನಕ್ಕ ರಸ್ತೆ ದಾಟಿ ಅಂಗಡಿಯ ಕಡೆ ಬರುವುದು ರಮಿತಾಳಿಗೆ ಕಂಡಿತು. ರತ್ನಕ್ಕ ಮೀನು ಮಾರುವವರು. ಅವರ ಮಗಳು ಸುಪ್ರೀತಾಳನ್ನು ನಾವುಂದ ಎಂಬ ಊರಿಗೆ ಕೊಟ್ಟಿದೆ. ಮಗಳಿಗೆ ಏಳು ತಿಂಗಳು, ಮರುದಿನವೇ ಗಂಡನ ಮನೆಯಲ್ಲಿ ಸೀಮಂತ. ತವರಿನವರು ಹಸಿರು ಸೀರೆ, ರವಿಕೆ ಒಯ್ಯಬೇಕು. ಬಸುರಿಯ ಮೈಗೆ ಹಳೆಯ ರವಿಕೆ ಯಾವುದೂ ಆಗುವುದಿಲ್ಲ. ಅದಕ್ಕೆಂದೇ ಹೊಸ ಅಳತೆ ತೆಗೆಸಿ ಕೊಟ್ಟು ಎರಡು ವಾರವಾಗಿತ್ತು. ಈ ನಡುವೆ ಎರಡು ಸಲ ಬಂದು ಬರಿಗೈಯಲ್ಲಿ ಹೋಗಿದ್ದರು. ಬಟ್ಟೆ ರಾಶಿಯ ಅಡಿಯಲ್ಲಿತ್ತು.

ರಮಿತಾ ಸರಕ್ಕನೆ ಎದ್ದು ಪರದೆಯ ಹಿಂದೆ ಹೋಗಿ ನಿಂತಳು. ಹಾಗೆ ಅಡಗುವುದು ಅವಳಿಗೆ ಹೊಸತಲ್ಲ. ಸುಂದರಿಯಮ್ಮ ಸೂಜಿಯಿಂದ ಕಣ್ಣು ತೆಗೆಯದೆ ಸುಳ್ಳು ಹೇಳಲು ಸಿದ್ಧರಾದರು.

“ಹ್ವಾಯ್ ಸುಂದ್ರಕ್ಕ, ರಮಿತಾ ಇಲ್ಯಾ?”

“ಇಲ್ಲೆ ರತ್ನ. ಲೈನಿಂಗ್ ಬಟ್ಟಿ ತಕಂಡ್ ಬಪ್ಪುಕೆ ಬ್ರಹ್ಮಾವರಕ್ಕೆ ಹೋಯಿತ್. ಬಪ್ಪುದ್ ಹೊತ್ತಾತ್ತ್. ನೀನ್ ನಾಳಿ ಬೆಳಿಗ್ಗೆ ಬಾ.”

“ಬೆಳಿಗ್ಗೆ ಬೇಗ ನಾವುಂದಕ್ಕೆ ಹೊರಡ್ಕ್ ಅಲ್ದಾ. ಅಡ್ಡಿಲ್ಲೆ, ಅದ್ ಬಪ್ಪುವರೆಗೆ ಇಲ್ಲೇ ಕೂಕಂತೆ.”

ರತ್ನಕ್ಕ ಸ್ಟೂಲ್ ಎಳೆದು ಕುಳಿತೇ ಬಿಟ್ಟರು. ಪರದೆಯ ಹಿಂದೆ ರಮಿತಾ ಫೋನಿನ ಸದ್ದು ಅಡಗಿಸಿ, ಗೋಡೆಗೆ ಅಂಟಿ ನಿಂತಳು. ಸುಂದರಿಯಮ್ಮ ಇನ್ನೊಂದು ಹುಕ್ಕು ಎತ್ತಿಕೊಂಡರು. ಮಾತಾಡಿದ್ದು ರತ್ನಕ್ಕನೇ.

“ನಮ್ಮನಿ ಹತ್ರವೇ ಒಂದ್ ದರ್ಜಿ ಅಂಗ್ಡಿ ಇತ್ತ್, ಸುಂದ್ರಕ್ಕ. ಅಲ್ಲೇ ಕೊಡ್ ಅಂದ್ರ್ ಎಲ್ಲರೂ. ನಾ ಕೊಡ್ಲಿಲ್ಲೆ. ನಿಮ್ ಸೊಸಿನ ನಾ ಸಂಘದಲ್ಲ್ ಕಂಡಿದ್ದೆ. ಅದ್ ಒಂದ್ ಮಾತ್ ಹೇಳಿರೆ ಮುಗೀತ್. ಸುಳ್ ಹೇಳು ಜನ ಅಲ್ಲ ಅದ್. ಹಾಂಗಾಯಿ ನಂಗೆ ಧೈರ್ಯ.”

ಸುಂದರಿಯಮ್ಮನ ಸೂಜಿ ನಿಂತಿತು.

ರತ್ನಕ್ಕ ಬೈದಿದ್ದರೆ ರಮಿತಾ ಅಲ್ಲೇ ನಿಂತಿರುತ್ತಿದ್ದಳು. ಬೈಗುಳ ಕೇಳಿ ಅಭ್ಯಾಸವಿತ್ತು. ಈ ನಂಬಿಕೆಯ ಮಾತನ್ನು ಕದ್ದು ಕೇಳುತ್ತಾ ನಿಲ್ಲಲು ಅವಳಿಂದ ಆಗಲಿಲ್ಲ. ಪರದೆ ಸರಿಸಿ ಹೊರಗೆ ಬಂದಳು.

“ರತ್ನಕ್ಕ, ನಾನ್ ಇಲ್ಲೇ ಇದ್ದಿದ್ದೆ. ಬ್ರಹ್ಮಾವರಕ್ಕೆ ಹೋಯಿಲ್ಲೆ. ನಿಮ್ಮ ಬಟ್ಟಿ ಇನ್ನೂ ಕತ್ತರ್ಸ್ಲಿಲ್ಲೆ.”

ರತ್ನಕ್ಕ ಅವಳನ್ನು ನೋಡಿದರು, ಪರದೆಯನ್ನು ನೋಡಿದರು, ಆಮೇಲೆ ಸುಂದರಿಯಮ್ಮನನ್ನು ನೋಡಿದರು. ಮಾರುಕಟ್ಟೆಯಲ್ಲಿ ಅವರ ಗಂಟಲು ಎಷ್ಟು ದೊಡ್ಡದೆಂದು ಕೋಟದವರಿಗೆಲ್ಲ ಗೊತ್ತು. ಅಂದು ಆ ಗಂಟಲು ಏಳಲಿಲ್ಲ.

“ಈಗ್ಲೇ ಕೂಕಂಡ್ ಹೊಲಿತೆ” ಎಂದಳು ರಮಿತಾ. “ನೀವ್ ಮನಿಗ್ ಹೋಗಿ ರತ್ನಕ್ಕ, ಇವತ್ತೇ ನಾನೇ ತಂದ್ ಕೊಡ್ತೆ.”

“ಕೊಡ್ತೆ ಅಂದ್ರೆ ನಾ ಹ್ಯಾಂಗ್ ನಂಬುದ್, ಹೇಳ್? ನೀ ಹೊಲಿ. ನಾ ಇಲ್ಲೇ ಇರ್ತೆ.”

ರಮಿತಾ ಹಸಿರು ಬಟ್ಟೆ ಕತ್ತರಿಸಿದಳು. ಮುಂದೆ ಬಿಡಿಸಿ ದೊಡ್ಡದು ಮಾಡಲು ಬರಲೆಂದು ಎರಡೂ ಬದಿ ಒಳಗೆ ಬಟ್ಟೆ ಬಿಟ್ಟಳು. ರತ್ನಕ್ಕ ಅವಳ ಕೈಯನ್ನೇ ನೋಡುತ್ತಾ ಕುಳಿತರು. ಕೊನೆಗೆ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿಕೊಂಡರು. ದುಡ್ಡು ಬೇಡವೆಂದರೂ ಕೇಳದೆ ಮೇಜಿನ ಮೇಲಿಟ್ಟರು.

“ಆತಿಲ್ಲೆ ಅಂತ ಆಗ್ಳೇ ಹೇಳಿರೆ ನಾ ಬೇರೆ ದಾರಿ ಕಾಂತಿದ್ದೆ, ಹೆಣ್ಣೇ. ನೀ ಆತ್ತ್ ಅಂದ್ಯಲ್ಲ, ಅದ್ಕೇ ನನ್ ಕೈ ಕಟ್ಟಿ ಹಾಕ್ದಂಗ್ ಆಯ್ತ್” ಎಂದು ಹೇಳಿ ಬಸ್ಸಿಗೆ ಹೋದರು.

ಅದಾದ ಮೇಲೆ ರಮಿತಾಳಿಗೆ ಅಂಗಡಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಹೊಲಿಗೆ ಎಂದರೆ ಪ್ರಾಣ, ಅಂಗಡಿ ಮಾತ್ರ ಬೇಡವಾಗಿತ್ತು. ಮುಂದಿನ ಸಂಘದ ಸಭೆ ಮುಗಿದ ಮೇಲೆ ಅವಳು ಶ್ರೀಲತಾಳ ಬಳಿ ಕುಳಿತಳು. ಶ್ರೀಲತಾ ಸಂಘಗಳ ಒಕ್ಕೂಟದವಳು, ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ತರಬೇತಿ ಕೊಡುತ್ತಾಳೆ. ಸುಂದರಿಯಮ್ಮನೂ ಜೊತೆಗಿದ್ದರು.

“ಶ್ರೀಲತಕ್ಕ, ನಾ ಅಂಗ್ಡಿ ಮುಚ್ತೆ” ಎಂದಳು ರಮಿತಾ. ಆದದ್ದನ್ನೆಲ್ಲ ಹೇಳಿದಳು.

ಶ್ರೀಲತಾ ಪೂರ್ತಿ ಕೇಳಿಸಿಕೊಂಡಳು. “ಮುಚ್ಚುದ್ ಎಂತಕ್ಕೆ? ನಿನ್ ಅಂಗ್ಡಿಯಲ್ಲ್ ಎಲ್ಲ ಸಮ ಇತ್ತ್, ನೀನೊಬ್ಳೇ ಇಲ್ಲೆ. ಮನೆಯಲ್ಲ್ ನಿಂಗೆ ಎಂತದ್ ಕಂಡ್ರೆ ಆತಿಲ್ಲೆ, ಹೇಳ್?”

“ಸುಳ್.”

“ಅಂಗ್ಡಿಯಲ್ಲ್ ದಿನಕ್ಕೆ ಎಷ್ಟ್ ಸಲ ಹೇಳ್ತೆ?”

ರಮಿತಾ ಬೆರಳು ಮಡಚಿ ಎಣಿಸಲು ಹೊರಟು, ಅರ್ಧಕ್ಕೇ ಬಿಟ್ಟಳು.

“ಮನೆಯಲ್ಲ್ ಒಂದ್ ರಮಿತಾ, ಅಂಗ್ಡಿಯಲ್ಲ್ ಇನ್ನೊಂದ್ ರಮಿತಾ. ಇಬ್ರನ್ನೂ ಸಾಕುಕೆ ಹೋಯಿ ನಿಂಗೆ ಸುಸ್ತ್ ಆದದ್ದ್. ಇನ್ ಸುಳ್ ಹೇಳ್ತಿಲ್ಲೆ ಅಂತ ಆಣಿ ಹಾಕ್ಬೇಡ, ಅದ್ ನಾಕ್ ದಿನ ನಿಲ್ತಿಲ್ಲೆ. ನಿನ್ ಸುಳ್ ಶುರು ಆಪ್ದ್ ಬಾಯಿಯಲ್ಲ್ ಅಲ್ಲ, ಬಟ್ಟಿ ತಕಂಬ ಕೈಯಲ್ಲ್. ಹೊಲಿಯುಕೆ ಆಗ್ದಷ್ಟ್ ಬಟ್ಟಿ ತಕಂಡ್ ಮೇಲೆ ಸತ್ಯ ಹೇಳುಕೆ ಜಾಗವೇ ಇಲ್ಲೆ.”

ಸುಂದರಿಯಮ್ಮ ತಡೆಯಲಾರದೆ ಹೇಳಿದರು, “ಹಾಂಗಾರೆ ಬಂದವ್ರನ್ ವಾಪಾಸ್ ಕಳ್ಸುದಾ? ಮದಿ ಟೈಮಲ್ಲ್? ಎದ್ರು ಅಂಗ್ಡಿ ದರ್ಜಿ ಶೀನ ಕಾಯ್ತಾ ಇದ್ದ, ಅವ್ನಿಗೇ ಕೊಟ್ಟಂಗ್ ಆತ್ತ್.”

“ಕೆಲವ್ರ್ ಹೋತ್ರ್, ಸುಂದ್ರಕ್ಕ. ಹೋತಿಲ್ಲೆ ಅಂತ ನಾ ಹೇಳ್ತಿಲ್ಲೆ. ಆರೆ ಈಗ್ಳಿಕೆ ರತ್ನಕ್ಕ ಉಳ್ದ್ರಾ?”

ಸುಂದರಿಯಮ್ಮ ಒಪ್ಪಲಿಲ್ಲ, ಮುಖ ಊದಿಸಿಕೊಂಡು ಕುಳಿತರು.

ಶ್ರೀಲತಾ ದೊಡ್ಡ ಉಪದೇಶ ಮಾಡಲಿಲ್ಲ. ವಾರಕ್ಕೆ ನೀನು ನಿಜವಾಗಿ ಎಷ್ಟು ಹೊಲಿಯಬಲ್ಲೆ ಎಂದು ಕೇಳಿದಳು. ರಮಿತಾ ಹೇಳಿದ ಲೆಕ್ಕದಿಂದ ಒಂದು ದಿನದ್ದನ್ನು ಕಳೆಯಲು ಹೇಳಿದಳು, ಯಾಕೆಂದರೆ ಕರೆಂಟ್ ನಿಜವಾಗಿಯೂ ಹೋಗುತ್ತದೆ, ಜ್ವರವೂ ಬರುತ್ತದೆ. ಅಷ್ಟು ತುಂಬಿದ ಮೇಲೆ ಆ ವಾರಕ್ಕೆ ಬಟ್ಟೆ ತೆಗೆದುಕೊಳ್ಳುವಂತಿಲ್ಲ. ಯಾವ ದಿನ ಯಾರದ್ದು, ಇವತ್ತು ಕೊಟ್ಟರೆ ಯಾವತ್ತು ಸಿಗುತ್ತದೆ ಎಂದು ಬಾಗಿಲಲ್ಲೇ ಸ್ಲೇಟಿನ ಮೇಲೆ ಬರೆದಿಡಬೇಕು. ಅಷ್ಟಾಗಿಯೂ ತಡವಾದರೆ, ಗಿರಾಕಿ ಬಸ್ ಹತ್ತುವ ಮೊದಲೇ ಫೋನ್ ಮಾಡಿ ತಿಳಿಸಬೇಕು.

ಸ್ಲೇಟ್ ತೂಗುಹಾಕಿದ ವಾರವೇ ಟೀಚರ್ ಪುಷ್ಪಕ್ಕ ಒಂದು ಚೀಲ ರೇಷ್ಮೆ ಬಟ್ಟೆ ಹಿಡಿದು ಬಂದರು. ಅವರ ಮಗಳ ಮದುವೆ, ಅವರಿಗೆ ಬೇಕಾದದ್ದು ಶನಿವಾರಕ್ಕೆ. ಆ ವಾರ ತುಂಬಿತ್ತು.

“ಅಷ್ಟ್ ಬೇಗ ನನ್ನತ್ರ ಆತಿಲ್ಲೆ ಟೀಚರೇ. ಅರ್ಜೆಂಟ್ ಆರೆ ಎದ್ರು ಶೀನಣ್ಣನ ಅಂಗ್ಡಿಯಲ್ಲ್ ಕೇಣಿ” ಎಂದಳು ರಮಿತಾ.

“ಇಷ್ಟ್ ವರ್ಷದ ಗಿರಾಕಿನ್ನೇ ಕಳಿಸ್ತೆ ಅಲ್ದಾ” ಎಂದು ಪುಷ್ಪಕ್ಕ ಚೀಲ ಎತ್ತಿಕೊಂಡು ರಸ್ತೆ ದಾಟಿದರು. ಸುಂದರಿಯಮ್ಮ ಆ ಚೀಲ ಕಣ್ಮರೆಯಾಗುವವರೆಗೂ ನೋಡಿದರು.

ಆ ತಿಂಗಳು ಕೈಗೆ ಬಂದದ್ದು ಕಡಿಮೆಯೇ. ಇದನ್ನು ಮುಚ್ಚಿಟ್ಟು ಕಥೆ ಓದಿದರೆ ನಾನೂ ‘ಹುಕ್ಕು ಒಂದು ಬಾಕಿ’ ಎಂದ ಹಾಗಾಗುತ್ತದೆ. ಪುಷ್ಪಕ್ಕ ಈಗಲೂ ಶೀನನ ಅಂಗಡಿಗೇ ಹೋಗುತ್ತಾರೆ. ಆದರೆ ರಮಿತಾ ಈಗ ಫೋನ್ ರಿಂಗಾದ ಕೂಡಲೇ ಎತ್ತುತ್ತಾಳೆ. ಅಂಗಡಿಯಲ್ಲಿ ಕುಳಿತು ತಿಂಡಿ ತಿಂದರೆ ಅವಳ ಮೈಗೆ ಹತ್ತುತ್ತದೆ. ಹೇಳಿದ ದಿನ ಬಂದವರಿಗೆ ರವಿಕೆ ಸಿಗುತ್ತದೆ, ಹಾಗೆ ಸಿಕ್ಕಿದವರು ಅದನ್ನು ಊರಿಗೆಲ್ಲ ಹೇಳದೆ ಬಿಡುವುದಿಲ್ಲ. ಗಂಡಸರ ಬಟ್ಟೆ ಹೊಲಿದೇ ಅಭ್ಯಾಸವಿದ್ದ ಶೀನ, ಕಷ್ಟದ ರವಿಕೆಗಳನ್ನು ಈಗ ಇತ್ತ ಕಳುಹಿಸುತ್ತಾನೆ. ನಾಲ್ಕು ತಿಂಗಳಲ್ಲಿ ಸಂಪಾದನೆ ಮೊದಲಿನಷ್ಟಕ್ಕೆ ಬಂತು.

ಸುಂದರಿಯಮ್ಮ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದಲೇ ಹುಕ್ಕು ಹಾಕುತ್ತಿದ್ದರು.

ಆ ನಾಲ್ಕು ತಿಂಗಳ ನಡುವೆಯೇ ಒಂದು ಮಧ್ಯಾಹ್ನ ರಮಿತಾ ಊಟಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ಸುಂದರಿಯಮ್ಮ ಒಬ್ಬರೇ. ಮೆಟ್ಟಿಲು ಹತ್ತಿ ಬಂದವರು ರತ್ನಕ್ಕ. ಸೀಮಂತದ ಮೇಲೆ ಇದೇ ಮೊದಲ ಸಲ.

“ಸುಪ್ರೀತಾಗೆ ಗಂಡ್ ಮಗು ಆಯ್ತ್, ಸುಂದ್ರಕ್ಕ. ಹೆಸ್ರಿಡುದಕ್ಕೆ ಒಂದ್ ರವ್ಕಿ ಬೇಕಿತ್ತ್. ಬುಧವಾರ ಆತ್ತಾ?”

ಸುಂದರಿಯಮ್ಮ ಸ್ಲೇಟ್ ನೋಡಿದರು. ಬುಧವಾರವಿರಲಿ, ಆ ವಾರವೇ ತುಂಬಿತ್ತು. ಒಮ್ಮೆ ಮನಸ್ಸು ಮುರಿದುಕೊಂಡು ಹೋದವರು ತಾವಾಗಿಯೇ ಬಂದು ನಿಂತಿದ್ದಾರೆ. ಇಲ್ಲವೆಂದರೆ ಮತ್ತೆ ಬರುವವರಲ್ಲ. ‘ಆತ್ತ್’ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಈ ಹೆಂಗಸು ಎದುರಿನ ಸ್ಟೂಲಿನಲ್ಲಿ ಕುಳಿತು ಸೊಸೆಯ ಕೈಯನ್ನೇ ಕಾದದ್ದು ಅವರಿಗೆ ಮರೆತಿರಲಿಲ್ಲ.

“ಆತಿಲ್ಲೆ ರತ್ನ” ಎಂದರು. “ಈ ವಾರ ತುಂಬಿತ್. ಬಪ್ಪ ವಾರ ಮಂಗಳವಾರ ಸಿಕ್ಕತ್ತ್. ಅದಕ್ಕೆ ಮುಂಚೆ ಬೇಕಾರೆ ಶೀನನ ಹತ್ರ ಕೇಣ್.”

ರತ್ನಕ್ಕ ಚೀಲ ಹಿಡಿದು ನಿಂತೇ ಇದ್ದರು. ಇನ್ನು ಹೋಗಿಯೇ ಬಿಡುತ್ತಾರೆ ಎಂದುಕೊಂಡು ಸುಂದರಿಯಮ್ಮ ತಲೆ ತಗ್ಗಿಸಿದರು. ಆಮೇಲೆ ಚೀಲ ಮೇಜಿನ ಮೇಲೆ ಬಿತ್ತು.

“ಮಂಗಳವಾರವೇ ಇರ್ಲಿ. ಹೆಸ್ರಿಡುದ್ ಅದ್ರ ಮರು ಆಯ್ತವಾರ.”

“ಮತ್ತ್ ಬುಧವಾರ ಅಂದೆ?”

ರತ್ನಕ್ಕನಿಗೆ ನಗು ಬಂತು. “ದರ್ಜಿಯವ್ರ್ ಸುಳ್ ಹೇಳ್ತ್ರ್ ಅಂತ ನಾವೂ ಮುಂಚಿನ ದಿನವೇ ಬೇಕ್ ಅಂತ ಸುಳ್ ಹೇಳುದಲ್ದಾ, ಸುಂದ್ರಕ್ಕ? ಎಲ್ಲರೂ ಹಾಂಗೇ ಮಾಡುದ್. ಇನ್ ನಿಮ್ಮತ್ರ ಸಮ ದಿನವೇ ಹೇಳ್ತೆ.”

ರಮಿತಾ ಊಟ ಮುಗಿಸಿ ಬಂದಾಗ ಅತ್ತೆ ಸ್ಲೇಟಿನ ಮುಂದೆ ನಿಂತು, ಮಂಗಳವಾರದ ಎದುರು ರತ್ನಕ್ಕನ ಹೆಸರನ್ನು ತಾವೇ ಬರೆಯುತ್ತಿದ್ದರು. “ಆತಿಲ್ಲೆ ಅಂದೆ, ಹೆಣ್ಣೇ. ಅಂದ್ರೂ ರತ್ನ ಬಟ್ಟಿ ಕೊಟ್ಟ್ ಹೋಯ್ತ್” ಎಂದರು. ಅವರ ಕಣ್ಣು ತುಂಬಿತ್ತು. ಸೊಸೆಯ ಅಂಗಡಿಯನ್ನು ಅವರು ‘ನಮ್ಮ ಅಂಗಡಿ’ ಎಂದು ಕರೆಯಲು ಶುರು ಮಾಡಿದ್ದು ಅಂದಿನಿಂದ.

ಅಕ್ಕಂದಿರೇ, ತಂಗಿಯರೇ, ನೀವು ಹಪ್ಪಳ ಮಾಡುತ್ತಿರಬಹುದು, ಮೀನು ಮಾರುತ್ತಿರಬಹುದು, ಹೂ ಕಟ್ಟುತ್ತಿರಬಹುದು, ಹೋಟೆಲ್ ಇಟ್ಟಿರಬಹುದು. ನಿಮಗೆ ದೊಡ್ಡದೆನಿಸುವುದು ರಮಿತಾಳಂತೆ ಕೊಟ್ಟ ಮಾತೇ ಆಗಬೇಕೆಂದಿಲ್ಲ. ಒಬ್ಬರಿಗೆ ಶುಚಿ ದೊಡ್ಡದು, ಒಬ್ಬರಿಗೆ ತೂಕ, ಇನ್ನೊಬ್ಬರಿಗೆ ಕೆಲಸದವರನ್ನು ಹೊತ್ತಿಗೆ ಮನೆಗೆ ಕಳುಹಿಸುವುದು. ಮನೆಯಲ್ಲಿ ನೀವು ಯಾವುದನ್ನು ಸಹಿಸುವುದಿಲ್ಲವೋ ಅದನ್ನು ನಿಮ್ಮ ವ್ಯಾಪಾರ ದಿನವೂ ಮಾಡುತ್ತಿದೆಯೇ ಎಂದು ಇವತ್ತು ಒಮ್ಮೆ ನೋಡಿಕೊಳ್ಳಿ. ಮಾಡುತ್ತಿದ್ದರೆ, ಅದು ಹುಟ್ಟುವುದು ಯಾವ ರೂಢಿಯಿಂದ ಎಂದು ಹುಡುಕಿ, ಆ ಒಂದು ರೂಢಿಯನ್ನು ಬದಲಾಯಿಸಿ. ಒಬ್ಬರಿಬ್ಬರು ಗಿರಾಕಿಗಳು ಹೋಗಬಹುದು, ಹೋಗಲಿ. ಅಂಗಡಿಯ ಬೋರ್ಡಿನಲ್ಲಿ ನಿಮ್ಮ ಹೆಸರಿದೆ, ಅದರ ಕೆಳಗೆ, ಮನೆಯಲ್ಲಿರುವ ಆ ನೀವೇ ಕುಳಿತುಕೊಳ್ಳಿ.