ಮಂಜಿನಲ್ಲಿ ತಂತಿ ಹಿಡಿದವರು

ನೇಕಾರನ ಕಿರಿಯ ಮಗನನ್ನು ಸೈನ್ಯದಲ್ಲಿ ಎಲ್ಲರೂ ‘ಗಂಟು’ ಎಂದು ಕರೆಯುತ್ತಿದ್ದರು. ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಎಂದಲ್ಲ. ಕಡಿದ ಟೆಲಿಫೋನ್ ತಂತಿಯನ್ನು ಅವನಷ್ಟು ಬೇಗ ಗಂಟು ಹಾಕಿ ಕೂಡಿಸುವವನು ಆ ತುಕಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ಆ ವಿದ್ಯೆ ಅವನಿಗೆ ಬಂದದ್ದು ಮನೆಯ ಒಂದು ಜಗಳದಿಂದ. ಮನೆಯೆಂದರೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಎರಡು ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಣ್ಣ, ಕಿಟಕಿಯ ಪಕ್ಕ ನೂಲು ಸುತ್ತುವ ಅಮ್ಮ. ಬೆಳಗಿನಿಂದ ಸಂಜೆಯತನಕ ಲಾಳಿ ಓಡುವ ಸದ್ದು. ಹಾಗಾಗಿ ಅವರೆಲ್ಲ ಕಿವುಡರ ಮನೆಯವರಂತೆ ಗಟ್ಟಿಯಾಗಿ, ಕೊನೆಯ ಅಕ್ಷರ ಎಳೆದೆಳೆದು ಮಾತಾಡುತ್ತಿದ್ದರು. ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನೇನೂ ಕಡಿಮೆಯಿರಲಿಲ್ಲ. ಒಂದು ದಿನ ಅಪ್ಪ ಗಿರಾಕಿಯ ಎದುರಿಗೇ, “ಇದೇನು ನೇಯ್ದಿದ್ದೀಯ, ಜರಡೀನಾ?” ಎಂದುಬಿಟ್ಟ. ಅಣ್ಣ ಕತ್ತರಿ ತೆಗೆದುಕೊಂಡು ತನ್ನ ಮಗ್ಗದ ಮೇಲಿದ್ದ ಹಾಸಿನ ಸಾವಿರದ ಇನ್ನೂರು ಎಳೆಗಳನ್ನೂ ಈ ಕಡೆಯಿಂದ ಆ ಕಡೆಯವರೆಗೆ ಕತ್ತರಿಸಿ, ಬರಿಗಾಲಲ್ಲೇ ಹೊರಟುಹೋದ.

ಅಪ್ಪ ಕತ್ತರಿಸಿದ ಎಳೆಗಳ ತುದಿಗಳನ್ನು ಎತ್ತಿ ನೋಡಿದ. ಆಮೇಲೆ ಕಿರಿಯವನನ್ನು ಕರೆದ. “ಬಾ, ಆ ಕಡೆ ಕೂತ್ಕೋ.”

ಎಳೆಗೆ ಎಳೆ ಹುಡುಕಿ ಕಟ್ಟುತ್ತ ಒಂಬತ್ತು ದಿನ ಇಬ್ಬರೂ ಎದುರುಬದುರು ಕೂತರು. ಆ ಒಂಬತ್ತು ದಿನವೂ ಅಪ್ಪ ಹಿರಿಯ ಮಗನ ಸುದ್ದಿ ಎತ್ತಲಿಲ್ಲ. ಮುಂದಿನ ನಾಲ್ಕು ವರ್ಷವೂ ಎತ್ತಲಿಲ್ಲ.

ಯುದ್ಧ ಬಂದಾಗ ಕಿರಿಯವನಿಗೆ ಇಪ್ಪತ್ತು. ಭರ್ತಿ ಕಚೇರಿಯ ಗುಮಾಸ್ತ ತಲೆ ಎತ್ತದೆ ಕೇಳಿದ, “ಏನು ಕೆಲಸ ಬರುತ್ತೆ?”

“ನೇಯ್ಗೆ.”

“ಅಲ್ಲಿ ಬಟ್ಟೆ ಯಾರು ನೇಯ್ತಾರಪ್ಪ? ಬೇರೆ ಏನಾದ್ರೂ?”

“ಕಡಿದಿದ್ದು ಕಟ್ಟೋಕೆ ಬರುತ್ತೆ.”

ಗುಮಾಸ್ತ ನಕ್ಕು, ಅವನನ್ನು ತಂತಿಯವರ ಜೊತೆಗೆ ಹಾಕಿದ.

ಕಣಿವೆಯ ಬುಡದಲ್ಲಿ ಒಂದು ನೆಲಮಾಳಿಗೆ. ಅಲ್ಲಿಂದ ಗುಡ್ಡದ ಮೇಲಿನ ಕಾವಲು ಠಾಣೆಗೆ ನೆಲದ ಮೇಲೆ ಹಾಸಿದ್ದ ಒಂದೇ ತಂತಿ. ಗುಂಡು ಬಿದ್ದಾಗಲೆಲ್ಲ ಅದು ಎಲ್ಲೋ ಕಡಿಯುತ್ತಿತ್ತು. ಮಧ್ಯಾಹ್ನದವರೆಗೂ ಕಣಿವೆಯ ತುಂಬ ಮಂಜು. ಅವನು ತಂತಿಯನ್ನು ಅಂಗೈಯಲ್ಲಿ ಜಾರಬಿಡುತ್ತ ನಡೆಯುತ್ತಿದ್ದ. ಸ್ವಲ್ಪ ದೂರ ಹೋದರೆ ತನ್ನ ಕಾಲು ತನಗೇ ಕಾಣದು. ಮರಗಳು ಏನೋ ನೆನಪಾದಂತೆ ಎದುರು ಬಂದು, ಮರೆತಂತೆ ಹಿಂದೆ ಸರಿಯುತ್ತಿದ್ದವು. ದೂರದ ಫಿರಂಗಿ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡಷ್ಟೇ ಕೇಳುತ್ತಿತ್ತು. ತಂತಿಯ ಆ ತುದಿಯಲ್ಲಿ ಅಮ್ಮ ಕೂತು ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದಾಳೆ, ತಾನು ಅವಳ ಕಡೆಗೇ ಹೋಗುತ್ತಿದ್ದೇನೆ ಎಂದು ಎಷ್ಟೋ ಸಲ ಅನಿಸುತ್ತಿತ್ತು. ಕಡಿದ ತುದಿ ಕೈಗೆ ಚುಚ್ಚಿದಾಗ ಮಾತ್ರ ಎಚ್ಚರ.

ಗಂಟು ಹಾಕಿದ ಮೇಲೆ ಹೆಗಲಿನ ಫೋನು ಸಿಕ್ಕಿಸಿ ಎರಡೂ ಕಡೆ ಮಾತಾಡಿ ನೋಡಬೇಕು. ಒಂದು ಬೆಳಿಗ್ಗೆ ಹಾಗೇ ಕೇಳಿದ, “ಗುಡ್ಡ, ಗುಡ್ಡ, ಕೇಳಿಸ್ತಿದ್ಯಾ?”

“ಕೇಳಿಸ್ತಿದೆಯಪ್ಪಾ, ಹೇಳೂ.”

ಆ ಎಳೆತ ಕೇಳಿ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಂಥ ಮಾತು ಮಗ್ಗದ ಸದ್ದಿನ ನಡುವೆ ಬೆಳೆದವನಿಗೆ ಮಾತ್ರ ಬರುತ್ತದೆ.

“ಅಣ್ಣಾ?” ಎಂದ.

ತಂತಿ ಗುಂಯ್ ಎನ್ನುತ್ತಲೇ ಇತ್ತು. ಕೊನೆಗೆ ಆ ಕಡೆಯವನು ಕೇಳಿದ, “ಅಪ್ಪ ಇದ್ದಾರಾ?”

“ಇದ್ದಾರೆ. ಅಮ್ಮಾನೂ ಚೆನ್ನಾಗಿದ್ದಾಳೆ.”

“ಆ ಹಾಸು ಏನಾಯ್ತೋ?”

“ಕಟ್ಟಿದ್ವಿ.”

“ಅಷ್ಟೂನಾ?”

“ಅಷ್ಟೂ.”

ನೆಲಮಾಳಿಗೆಯ ಫೋನಿನ ಮುಂದೆ ಕೂರುತ್ತಿದ್ದವರು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಅವರು ನಡುವೆ ಬಾಯಿ ಹಾಕಿದರು. “ಏನ್ರೋ ಅದು, ಲೈನಲ್ಲಿ ಸಂಸಾರದ ಕತೆ? ಎರಡು ನಿಮಿಷ ನನಗೆ ಕಿವಿ ಕೇಳ್ಸಲ್ಲ. ಅಷ್ಟರಲ್ಲಿ ಮುಗಿಸ್ಕೊಳ್ಳಿ.”

ಅಂದಿನಿಂದ ಮೇಷ್ಟ್ರಿಗೆ ದಿನವೂ ಎರಡು ನಿಮಿಷ ಕಿವಿ ಕೇಳಿಸದಾಯಿತು. ಅಣ್ಣತಮ್ಮಂದಿರು ಘನವಾದದ್ದೇನೂ ಮಾತಾಡುತ್ತಿರಲಿಲ್ಲ. ಕಾಲುಚೀಲ ಒಣಗಿತೇ, ಅಮ್ಮನ ಕೆಮ್ಮು ಹೇಗಿದೆ, ಇಷ್ಟೇ. ಮನೆಗೆ ಬರೆಯಲೇ ಎಂದು ತಮ್ಮ ಕೇಳಿದರೆ ಅಣ್ಣ, “ಇರು, ಇನ್ನೂ ಇರು” ಎನ್ನುತ್ತಿದ್ದ. ಆ ಒಂದು ವಿಷಯದಲ್ಲಿ ತಮ್ಮ ಅವನ ಮಾತು ಮೀರಿ ಪತ್ರ ಹಾಕಿದ.

ಮೂರನೆಯ ವಾರ ಹಿಂದೆ ಸರಿಯುವ ಅಪ್ಪಣೆ ಬಂತು. ಮಂಜು ಕರಗುವ ಮೊದಲು ಗುಡ್ಡದವರು ಇಳಿದು ಬರಬೇಕು. ಕರಗಿದರೆ ಇಡೀ ಇಳಿಜಾರು ಶತ್ರುವಿನ ಕಣ್ಣೆದುರಿಗೆ. ಹೇಳೋಣವೆಂದರೆ ತಂತಿ ಸತ್ತಿತ್ತು. ‘ಗಂಟು’ ಹೊರಟ. ಎರಡು ಕಡೆ ಕಟ್ಟಿದ. ಮೂರನೆಯ ಕಡೆ ಕಟ್ಟಲು ತಂತಿಯೇ ಇರಲಿಲ್ಲ. ನೆಲ ಹೊಂಡ ಬಿದ್ದು ಐವತ್ತು ಹೆಜ್ಜೆಯಷ್ಟು ತಂತಿ ಮಾಯವಾಗಿತ್ತು. ಅವನು ಹೊಂಡ ಬಳಸಿ, ಮಂಡಿಯೂರಿ ತಡಕಾಡಿ ಆಚೆಯ ತುದಿ ಹಿಡಿದು, ಗುಡ್ಡ ಹತ್ತಿದ.

ಠಾಣೆಯ ಬಿಲದಂಥ ಕೋಣೆಯಲ್ಲಿ ಗಡ್ಡದವನೊಬ್ಬ ಸತ್ತ ಫೋನಿಗೆ ಕೂಗುತ್ತ ಕೂತಿದ್ದ. ಇವನನ್ನು ನೋಡಿ ಫೋನು ಕೆಳಗಿಟ್ಟ.

“ಇಷ್ಟುದ್ದ ಯಾವಾಗ ಆದ್ಯೋ?” ಎಂದ.

“ಇಳೀಬೇಕಂತೆ ಅಣ್ಣ. ಈಗಲೇ.”

ಹನ್ನೊಂದು ಜನ ತಂತಿ ಹಿಡಿದು ಇಳಿದರು. ಮುಂದೆ ತಮ್ಮ, ಕೊನೆಯಲ್ಲಿ ಅಣ್ಣ, ಅವನ ಮುಂದೆ ದಪ್ಪನೆಯ ಅಡುಗೆಯವನು. ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ತಂತಿ ಅದುರಿದಾಗ ಹಿಂದೆ ಜನ ಇದ್ದಾರೆಂದು ಗೊತ್ತಾಗುತ್ತಿತ್ತು, ಅಷ್ಟೇ. ಹೊಂಡದ ಹತ್ತಿರ ಒಬ್ಬರ ಬೆಲ್ಟು ಒಬ್ಬರು ಹಿಡಿದು ದಾಟಿದರು. ಆಚೆ ಮತ್ತೆ ತಂತಿ ಸಿಕ್ಕಿತು. ಗುಡ್ಡದ ಬುಡದ ಹಳ್ಳದ ಬಳಿ ಎಣಿಸಿದರೆ ಹತ್ತೇ ಜನ, ಅಡುಗೆಯವನಿಲ್ಲ.

“ಬೂಟಿನ ದಾರ ಬಿಚ್ಚಿದೆ, ನೀನು ಮುಂದೆ ಹೋಗು ಅಂದ. ಬಂದೆ,” ಎಂದ ಅಣ್ಣ. ಅವನಾಗಲೇ ಹಿಂದೆ ತಿರುಗಿದ್ದ. “ನಾನು ಹೋಗ್ತೀನಿ.”

ಮೇಲಿನ ಮಂಜು ತೆಳುವಾಗುತ್ತಿತ್ತು. ತಮ್ಮ ಅವನ ತೋಳು ಹಿಡಿದ. ಕೊಸರಾಡಿದರೂ ಬಿಡಲಿಲ್ಲ. ಇಬ್ಬರೂ ಅಡುಗೆಯವನನ್ನು ನಾಲ್ಕು ಸಲ ಕೂಗಿದರು. ಉತ್ತರ ಬರಲಿಲ್ಲ. ಅವನು ಬರಲೂ ಇಲ್ಲ, ಅವನ ಸುದ್ದಿ ಆಮೇಲೆ ಯಾರಿಗೂ ತಿಳಿಯಲೂ ಇಲ್ಲ. ಆ ಹಿಡಿತಕ್ಕಾಗಿ ಅಣ್ಣ ಕೆಲವು ದಿನ ತಮ್ಮನ ಮುಖ ನೋಡಲಿಲ್ಲ. ತಮ್ಮನೂ ಅದನ್ನು ಸರಿ ಎಂದು ಎಂದೂ ವಾದಿಸಲಿಲ್ಲ.

ಯುದ್ಧ ಮುಗಿದ ಮೇಲೆ ಇಬ್ಬರೂ ಒಂದೇ ರೈಲಿನಲ್ಲಿ ಊರಿಗೆ ಬಂದರು. ತಮ್ಮ ಬಾಗಿಲು ತಟ್ಟಿದ. ಅಣ್ಣ ಮೆಟ್ಟಿಲ ಕೆಳಗೇ ನಿಂತ. ಬಾಗಿಲು ತೆಗೆದವನು ಅಪ್ಪ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿರಿಯ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

“ಒಳಗೆ ಬಾರೋ, ಗಾಳಿ ನುಗ್ತಿದೆ,” ಎಂದ.

ಅಮ್ಮ ಬಂದು ಆ ಗಡ್ಡದ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಚೀಲ ಎತ್ತಿಕೊಂಡು ಒಳಗೆ ನಡೆದ. ಕಿರಿಯವನು ಹಿತ್ತಲಿನ ನಲ್ಲಿಗೆ ಹೋಗಿ, ನೀರು ಬಿಟ್ಟು, ಬಹಳ ಹೊತ್ತು ಮುಖ ತೊಳೆದುಕೊಂಡ.