ಸೀರೆ ಕಟ್ಟಿ ಅಳೆದ ಸಾಲು

ಎತ್ತಿನ ವಿಷಯಕ್ಕೆ ಬಂದರೆ ನಿಡೋಣಿಯಲ್ಲಿ ರಾಮಲಿಂಗಪ್ಪನ ಮಾತೇ ಕೊನೆಯ ಮಾತು. ಯಾರು ಜೋಡಿ ತರಲು ಹೊರಟರೂ ಮೊದಲು ಅವನ ಕಟ್ಟೆಗೆ ಬಂದು ಕೂರುತ್ತಿದ್ದರು. ಅವನು ಹಲ್ಲು ನೋಡುತ್ತಿದ್ದ, ಗೊರಸು ನೋಡುತ್ತಿದ್ದ, ಸುಳಿ ನೋಡುತ್ತಿದ್ದ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಎತ್ತುಗಳನ್ನು ಕೊಳ್ಳುವವನ ಹೊಲಕ್ಕೇ ತರಿಸಿ, ಒಂದು ಹೊತ್ತು ಹೂಡಿ ನೋಡಿ, ಆಮೇಲೆಯೇ "ಹೂಂ, ಹಿಡಿ" ಎನ್ನುತ್ತಿದ್ದ. ಅಂಥ ಮನುಷ್ಯ ಟ್ರ್ಯಾಕ್ಟರ್ ತರಲು ಹೋಗಿ ಎಡವಿದ. ಪುಣ್ಯಕ್ಕೆ, ಬೀಳುವ ಮೊದಲೇ ಮನೆಯವರು ಕೈ ಹಿಡಿದರು.

ರಾಮಲಿಂಗಪ್ಪನದು ಮೂರೂವರೆ ಎಕರೆ. ಎರಡು ಎಕರೆ ದ್ರಾಕ್ಷಿ, ಉಳಿದದ್ದು ಜೋಳ, ತೊಗರಿ. ಮಗ ಶಿವಾಜಿ ವಿಜಯಪುರದಲ್ಲಿ ಬಸ್ ಕಂಡಕ್ಟರ್, ರಜೆ ಸಿಕ್ಕಾಗ ಮಾತ್ರ ಊರಿಗೆ ಬರುತ್ತಾನೆ. ಹೆಂಡತಿ ದುಂಡವ್ವನಿಗೆ ಮೊಣಕಾಲು ನೋವು. ಹೀಗಾಗಿ ತೋಟವೆಲ್ಲ ಸೊಸೆ ಸುವರ್ಣಾಳ ಕೈಯಲ್ಲಿ. ದ್ರಾಕ್ಷಿಗೆ ಔಷಧಿ ಹೊಡೆಯುವ ಕಾಲ ಬಂತೆಂದರೆ, ಪಂಪಿನ ಉದ್ದನೆಯ ಪೈಪನ್ನು ಹೆಗಲ ಮೇಲೆ ಹಾಕಿಕೊಂಡು ಸಾಲಿನಿಂದ ಸಾಲಿಗೆ ಎಳೆಯುವವಳು ಅವಳೇ. ಮಳೆಯಾದ ಮರುದಿನ ಬೆಳಗ್ಗೆಯೇ ಔಷಧಿ ಬೀಳದಿದ್ದರೆ ಎಲೆಗೆ ರೋಗ ಬರುತ್ತದೆ. ಆ ಬೆಳಗ್ಗೆ ಊರಿಗೆಲ್ಲ ಆಳು ಬೇಕು, ಹಾಗಾಗಿ ಯಾರಿಗೂ ಸಿಗುವುದಿಲ್ಲ.

ಎರಡು ವರ್ಷದ ಹಿಂದೆ ಮುದಿ ಎತ್ತುಗಳು ಹೋದ ಮೇಲೆ ನೊಗ ಕೊಟ್ಟಿಗೆಯ ಗೂಟಕ್ಕೆ ಏರಿತು. ಈಗ ಟ್ರ್ಯಾಕ್ಟರ್ ತರೋಣ ಎಂದು ಮನೆಯವರೆಲ್ಲ ಒಪ್ಪಿದ್ದರು. ಅಷ್ಟರಲ್ಲಿ ರಾಮಲಿಂಗಪ್ಪ ಮಗಳು ಲಲಿತಾಳನ್ನು ನೋಡಲು ಟಿಕೋಟಾಕ್ಕೆ ಹೋದ. ಬೀಗ ರೇವಪ್ಪನ ಅಂಗಳದಲ್ಲಿ ಐವತ್ತು ಎಚ್.ಪಿ.ಯ 'ಗಜೇಂದ್ರ' ಟ್ರ್ಯಾಕ್ಟರ್ ಮಾಲೆ ಹಾಕಿಕೊಂಡು ನಿಂತಿತ್ತು. ರೇವಪ್ಪನಿಗೆ ಹದಿನೆಂಟು ಎಕರೆ ಇದೆ ಎಂಬುದು ರಾಮಲಿಂಗಪ್ಪನಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಬರುವಾಗ ನೇರ ವಿಜಯಪುರದ ಶೋರೂಮಿಗೆ ಹೋಗಿ, ಎತ್ತಿನ ಬೆನ್ನು ಚಪ್ಪರಿಸುವಂತೆ ಬಾನೆಟ್ ಚಪ್ಪರಿಸಿ, ಟ್ರ್ಯಾಕ್ಟರಿನ ಚಿತ್ರ, ಬೆಲೆ ಇದ್ದ ಬಣ್ಣದ ಕಾಗದ ಹಿಡಿದುಕೊಂಡು ಮನೆಗೆ ಬಂದ.

"ಬಸವ ಜಯಂತಿಗೆ ಗಜೇಂದ್ರ ನಮ್ಮ ಅಂಗಳದಾಗ ನಿಂದರಬೇಕು. ಬೀಗರಿಗಿಂತ ನಾವೇನು ಕಡಿಮಿ?" ಎಂದ.

"ಮಾವಾರ, ಅದು ನಮ್ಮ ದ್ರಾಕ್ಷಿ ಸಾಲಿನಾಗ ಹಿಡೀತದೇನ್ರಿ?" ಎಂದು ಸುವರ್ಣಾ ಮೆಲ್ಲಗೆ ಕೇಳಿದಳು.

"ಅಳದು ತೋರಸ್ತೀನಿ ಬಾ ಯವ್ವಾ."

ಗೂಟದ ಮೇಲಿನ ನೊಗ ಇಳಿಯಿತು. ನೊಗ ಆರಡಿ, ಶೋರೂಮಿನವನು ಹೇಳಿದಂತೆ ಟ್ರ್ಯಾಕ್ಟರಿನ ಅಗಲವೂ ಆರಡಿ. ರಾಮಲಿಂಗಪ್ಪ ನೊಗವನ್ನು ಸೊಂಟದ ಎತ್ತರಕ್ಕೆ ಅಡ್ಡ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ಎಲ್ಲೂ ತಾಗಲಿಲ್ಲ. ಅದು ಏಪ್ರಿಲ್ ತಿಂಗಳು. ಚಾಟ್ನಿ ಮುಗಿದು, ಅಂದರೆ ಬಳ್ಳಿಗಳನ್ನೆಲ್ಲ ಕತ್ತರಿಸಿ, ತೋಟ ಬೋಳಾಗಿ ನಿಂತಿತ್ತು.

"ನೋಡಿದೆಲ್ಲ? ನೊಗ ಹಾಯ್ದ ಸಾಲಿನಾಗ ಗಜೇಂದ್ರ ಹಾಯಲಾರದ?"

ಸುವರ್ಣಾ ಏನೋ ಹೇಳಲು ಬಾಯಿ ತೆರೆದವಳು ಸೆರಗು ಹೊದ್ದುಕೊಂಡು ಮನೆಯ ಕಡೆ ನಡೆದಳು. ಮಾವನಿಗೆ ಎದುರಾಡಿ ಅವಳಿಗೆ ರೂಢಿಯಿರಲಿಲ್ಲ. ಆ ಮನೆಯಲ್ಲಿ ಅದರ ಅಗತ್ಯವೂ ಬಿದ್ದಿರಲಿಲ್ಲ, ಅಷ್ಟು ಒಳ್ಳೆಯ ಮಾವ ಅವನು.

ಎರಡು ದಿನ ಬಿಟ್ಟು ಔಷಧಿ ಪಂಪಿನ ಎಂಜಿನ್ ಕೆಟ್ಟಿತು. ಬಬಲೇಶ್ವರದಿಂದ ಮೆಕ್ಯಾನಿಕ್ ಬಂದೇನವಾಜ ಬಂದ. ಅವನ ತಂದೆ ರಾಮಲಿಂಗಪ್ಪನ ಗೆಳೆಯ. ಸುತ್ತಲಿನ ಹತ್ತು ಹಳ್ಳಿಯ ಟ್ರ್ಯಾಕ್ಟರುಗಳು, ಯಾವ ಕಂಪನಿಯವಾದರೂ ಸರಿ, ಒಮ್ಮೆಯಾದರೂ ಅವನ ಕೈಯಲ್ಲಿ ಬಿಚ್ಚಿಸಿಕೊಂಡಿವೆ. ರಾಮಲಿಂಗಪ್ಪ ಬಣ್ಣದ ಕಾಗದವನ್ನು ಅವನ ಮುಂದೆ ಹಿಡಿದ.

"ಖರೇ ಹೇಳು ಬಂದೇನವಾಜಾ. ಯಾವ ಕಂಪನಿ ಚಲೋ?"

"ಕಾಕಾ, ಯಾವ ಎತ್ತು ಚಲೋ ಅಂತ ನಾ ಕೇಳಿದ್ರ ನೀವು ಏನಂತಿದ್ರಿ?"

"ಯಾವ ಹೊಲಕ್ಕ, ಯಾರು ಹೊಡ್ಯಾವ್ರು, ಅದನ್ನ ಮೊದಲ ಹೇಳಲೇ ಅಂತಿದ್ದೆ."

"ನಾನೂ ಅದನ್ನ ಕೇಳತೀನ್ರಿ. ಯಾವ ಹೊಲಕ್ಕ? ಯಾರು ಹೊಡ್ಯಾವ್ರು?"

"ಒಬ್ಬ ಡ್ರೈವರನ್ನ ಇಟ್ಟರಾತು."

"ಮಳಿ ಆದ ಮರದಿನ ಮುಂಜಾನಿ ಆರಕ್ಕ ಡ್ರೈವರ್ ಎಲ್ಲಿ ಸಿಗತಾನ್ರಿ ಕಾಕಾ?"

ಗೋಡೆಗೆ ಒರಗಿ ಕೂತಿದ್ದ ದುಂಡವ್ವ ನಕ್ಕಳು. "ಲಗ್ನದ ಸುಗ್ಗ್ಯಾಗ ವಾಜಂತ್ರಿಯವ್ರು ಸಿಕ್ಕಂಗ ಸಿಗತಾನ ತಗೋ."

ಆಗ ಸುವರ್ಣಾ ಬಾಗಿಲಲ್ಲಿ ನಿಂತು ಹೇಳಿದಳು. "ನಾ ಹೊಡೀತೀನ್ರಿ ಮಾವಾರ."

"ನೀ?"

"ತವರಮನ್ಯಾಗ ಅಣ್ಣನ ಕೂಡ ಕಲ್ತೀನ್ರಿ. ಆದ್ರ ಕ್ಲಚ್ಚಿಗೆ ನನ್ನ ಕಾಲು ಎಟಕಬೇಕು. ಗಜೇಂದ್ರದ ಮ್ಯಾಲ ನಾ ಕೂತ್ರ ಕಾಲು ಜೋಲಿ ಆಡತಾವ. ಮತ್ತ..." ಅವಳು ಒಂದು ಉಸಿರು ತೆಗೆದುಕೊಂಡಳು. "ಮತ್ತ ನೀವು ಅಳದಿದ್ದು ಬೋಳು ತೋಟಾರಿ. ನಾ ಔಷಧ ಹೊಡ್ಯೂದು ತುಂಬಿದ ತೋಟಕ್ಕ."

ರಾಮಲಿಂಗಪ್ಪನಿಗೆ ಇದು ಒಗಟಿನಂತೆ ಕೇಳಿಸಿತು. ಸುವರ್ಣಾ ಮಾತು ಬೆಳೆಸಲಿಲ್ಲ. ಒಳಗೆ ಹೋಗಿ ಅತ್ತೆಯ ಹಳೆಯ ಸೀರೆಗಳ ಗಂಟು ಹೊತ್ತು ತಂದಳು. ತೋಟದಲ್ಲಿ ಒಂದು ಸಾಲಿನ ಎಡಬಲಕ್ಕೆ, ಬಳ್ಳಿ ಹಬ್ಬಿಸುವ ಕಬ್ಬಿಣದ ಕೈಗಳ ಹೊರತಂತಿಗೆ ಸೀರೆಗಳನ್ನು ಜೋತು ಬಿಟ್ಟಳು. ಡಿಸೆಂಬರಿನಲ್ಲಿ ಎಲೆ, ಬಳ್ಳಿ, ಗೊನೆ ಎಲ್ಲ ಎಲ್ಲಿಯವರೆಗೆ ಇಳಿಯುತ್ತವೆಯೋ, ಸೀರೆಗಳೂ ಅಲ್ಲಿಯವರೆಗೆ ಇಳಿದವು. ಒಂಬತ್ತು ಅಡಿಯ ಸಾಲಿನ ನಡುವೆ ಉಳಿದದ್ದು ಐದು ಅಡಿ ದಾರಿ.

"ಈಗ ನೊಗ ತಗೊಂಡು ಹಾಯ್ರಿ ಮಾವಾರ."

ರಾಮಲಿಂಗಪ್ಪ ಹೊರಟ. ಮೂರನೇ ಹೆಜ್ಜೆಗೆ ಬಲಗಡೆಯ ಸೀರೆ ನೊಗಕ್ಕೆ ಸಿಕ್ಕಿತು. ಐದನೆಯದಕ್ಕೆ ಎಡಗಡೆಯದು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಾಲ್ಕು ಸೀರೆ ನೆಲಕ್ಕೆ ಬಿದ್ದಿದ್ದವು.

"ಅಯ್ಯ, ನನ್ನ ಇಳಕಲ್ ಸೀರಿ!" ಎಂದು ದುಂಡವ್ವ ದೂರದಿಂದಲೇ ಕೂಗಿದಳು. "ನಿಂದರ್ರಿ ಅಲ್ಲೇ! ಗೊನಿ ಇದ್ದಿದ್ರ ಹಿಂಗ ಉದರತಿದ್ದುವಲ್ಲ!"

ರಾಮಲಿಂಗಪ್ಪ ನಿಂತ. "ಒಂದು ಬಿಟ್ಟು ಒಂದು ಸಾಲು ಕಿತ್ತರ..." ಎಂದು ಶುರು ಮಾಡಿದವನು ಸೊಸೆಯ ಮುಖ ನೋಡಿ ಮಾತು ನುಂಗಿದ. ಆ ಬಳ್ಳಿಗಳನ್ನು ನೆಟ್ಟ ಮೊದಲ ಬೇಸಿಗೆ ಬೋರು ಕೈಕೊಟ್ಟಾಗ, ಕೊಡದಲ್ಲಿ ನೀರು ಹೊತ್ತು ಉಳಿಸಿದವಳು ಅವಳು. ಟ್ರ್ಯಾಕ್ಟರಿಗೆ ತಕ್ಕಂತೆ ತೋಟ ಕೀಳುವುದು, ಟೊಪ್ಪಿಗೆಗೆ ತಕ್ಕಂತೆ ತಲೆ ಕೆತ್ತಿಸಿಕೊಂಡಂತೆ ಎಂದು ಅವನಿಗೇ ಅನ್ನಿಸಿತು.

ಸುವರ್ಣಾ ನೊಗಕ್ಕೆ ಸುತ್ತಿದ ಸೀರೆ ಬಿಡಿಸಲು ಬಗ್ಗಿದಳು. ಸೆರಗು ಸರಿಯಿತು. ಕುತ್ತಿಗೆಯ ಬುಡದಲ್ಲಿ, ಪೈಪು ಕೂರುವ ಜಾಗದಲ್ಲಿ, ಕಪ್ಪಗೆ ಗಟ್ಟಿಯಾದ ಒಂದು ಗುರುತು ಕಂಡಿತು. ಅದು ಏನೆಂದು ಯಾರೂ ರಾಮಲಿಂಗಪ್ಪನಿಗೆ ಹೇಳಬೇಕಿರಲಿಲ್ಲ. ನಲವತ್ತು ವರ್ಷ ಎತ್ತಿನ ಹೆಗಲ ಮೇಲೆ ಅದೇ ಗುರುತು ನೋಡಿದವನು. ದಿನವೂ ಸಂಜೆ ನೊಗ ಇಳಿಸಿ, ಅರಿಶಿನ ಎಣ್ಣೆ ಹಚ್ಚಿ ಸವರದೆ ಅವನು ಉಂಡವನಲ್ಲ.

"ಎಷ್ಟ್ ವರ್ಷ ಆತವಾ ಅದು?" ಅವನ ದನಿ ಇಳಿದಿತ್ತು.

"ಯಾವದ್ರಿ?" ಎಂದವಳೇ ಸೆರಗು ಎಳೆದುಕೊಂಡಳು. "ನೋವೇನಿಲ್ರಿ ಮಾವಾರ."

ಎತ್ತುಗಳೂ ಎಂದೂ ನೋವು ಎಂದು ಹೇಳಿರಲಿಲ್ಲ. ರಾಮಲಿಂಗಪ್ಪ ನೊಗವನ್ನು ಬದುವಿಗೆ ಒರಗಿಸಿ, ಮುಖ ಆಚೆ ತಿರುಗಿಸಿ, ತಲೆಗೆ ಸುತ್ತಿದ ಪಟಗದ ತುದಿಯಿಂದ ಕಣ್ಣು ಒರೆಸಿಕೊಂಡ. ಬಂದೇನವಾಜ ಕಂಡರೂ ಕಾಣದವನಂತೆ ಸೀರೆ ಮಡಚುತ್ತ ನಿಂತ.

ಆಮೇಲೆ ರಾಮಲಿಂಗಪ್ಪ ಅವನ ಕಡೆ ತಿರುಗಿ ಕೇಳಿದ. "ಈಗೇನು ಮಾಡೂಣು ಹೇಳೋ ತಮ್ಮಾ."

"ನೀವು ಎತ್ತಿಗೆ ಮಾಡಿದ್ದನ್ನ ಇದಕ್ಕೂ ಮಾಡ್ರಿ. ಹೊಲಕ್ಕ ತರಸ್ರಿ, ಹೂಡಿ ನೋಡ್ರಿ. ಗಜೇಂದ್ರದವ್ರೂ ಸಣ್ಣ ಟ್ರ್ಯಾಕ್ಟರ್ ಮಾಡ್ಯಾರ, 'ಚಿಗರಿ' ಕಂಪನಿಯವ್ರೂ ಮಾಡ್ಯಾರ. ನಾಕು ಅಡಿ ಅಗಲ ಇರತಾವ. ಫೋನ್ ಹಚ್ಚಿ ಕೇಳಿದ್ರ ತೋರಸಾಕ ತರತಾರ."

"ಇಪ್ಪತ್ತು ಚಿಲ್ಲರೆ ಎಚ್.ಪಿ. ಸಾಕಾಗತದೇನೋ? ಆಟಿಗಿ ಸಾಮಾನು ಕಂಡಂಗ ಕಾಣತದ."

"ಬಾನೆಟ್ಟಿನ ಮ್ಯಾಲಿನ ನಂಬರ್ ಬಿಡ್ರಿ ಕಾಕಾ. ಹಿಂದಿನ ಶಾಫ್ಟಿಗೆ ಎಷ್ಟು ಶಕ್ತಿ ಬರತದ ಅದನ್ನ ಕೇಳ್ರಿ. ಟ್ರ್ಯಾಕ್ಟರ್ ಹಿಂದ ಟಾಕಿ, ಔಷಧ ಹಾರಸೂ ಬ್ಲೋವರ್ ಫ್ಯಾನು ಹಚ್ಚತಾರ, ಅದನ್ನ ತಿರಗಸೂದು ಆ ಶಾಫ್ಟ್. ಟಾಕಿ ತುಂಬ ನೀರು ಹಾಕಿ ಎಳಸ್ರಿ, ಖಾಲಿ ಟಾಕಿ ಯಾರರೆ ಎಳೀತಾರ."

ಹೀಗೆ ಒಂದು ಬುಧವಾರ ಎರಡು ಸಣ್ಣ ಟ್ರ್ಯಾಕ್ಟರುಗಳು ರಾಮಲಿಂಗಪ್ಪನ ತೋಟಕ್ಕೆ ಬಂದವು. ಅಂದು ಶಿವಾಜಿಯೂ ರಜೆ ಹಾಕಿ ಬಂದಿದ್ದ. ಸುವರ್ಣಾ ಮತ್ತೆ ಸೀರೆ ಕಟ್ಟಿದಳು. ಕಂಪನಿಯವರು ಮುಖ ಮುಖ ನೋಡಿಕೊಂಡರು.

ಎರಡೂ ಸೀರೆಗೆ ತಾಗದೆ ಹಾಯ್ದವು. ಎರಡೂ ತುಂಬಿದ ಟ್ಯಾಂಕ್ ಎಳೆದವು. ಬ್ಲೋವರ್ ಎರಡರಲ್ಲೂ ನೀರನ್ನು ಮಂಜಿನ ಹಾಗೆ ಹಾರಿಸಿತು. ಭಾರ ಎತ್ತುವುದರಲ್ಲಿ ಗಜೇಂದ್ರದ ಸಣ್ಣದೇ ಒಂದು ಕೈ ಮೇಲು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆದರೆ ಅದರ ಹೊಗೆ ಕೊಳವೆ ಮೇಲಕ್ಕೆ ನಿಂತಿತ್ತು, ಗೊನೆಗೆ ಬಿಸಿ ತಾಗುವ ಹಾಗೆ. ಚಿಗರಿಯದು ಕೆಳಗೆ ಬಾಗಿತ್ತು. ಸಾಲಿನ ತುದಿಯಲ್ಲಿ ಗಜೇಂದ್ರ ಎರಡು ಸಲ ಹಿಂದೆ ಮುಂದೆ ಮಾಡಿ ತಿರುಗಿತು, ಚಿಗರಿ ಒಂದೇ ಸಲಕ್ಕೆ. ಕಂಪನಿಯವರ ಮುಂದೆಯೇ ಬಂದೇನವಾಜ ಕೇಳಿದ. "ನಿಮ್ಮ ಬಿಡಿ ಭಾಗ ಎಲ್ಲಿ ಸಿಗತಾವ್ರಿ?" ಗಜೇಂದ್ರದವರು ಸಣ್ಣದರ ಭಾಗಗಳನ್ನು ಹುಬ್ಬಳ್ಳಿಯಿಂದ ತರಿಸಬೇಕು ಎಂದರು. ಚಿಗರಿಯವು ವಿಜಯಪುರದಲ್ಲೇ ಇದ್ದವು.

ರಾಮಲಿಂಗಪ್ಪನ ಮನಸ್ಸು ಇನ್ನೂ ಗಜೇಂದ್ರದ ಹೆಸರಿನ ಕಡೆ ಜಗ್ಗುತ್ತಿತ್ತು. ಹೆಸರಿನ ಆಸೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೊನೆಗೆ ಅವನೇ ಹೇಳಿದ. "ಸುವರ್ಣಾ, ಎರಡರ ಮ್ಯಾಲೂ ಹತ್ತಿ ಕೂಡು."

ಗಜೇಂದ್ರದ ಮೇಲೆ ಕೂತಾಗ ಕ್ಲಚ್ ಪೂರ್ತಿ ಒತ್ತಲು ಅವಳು ಸೀಟಿನ ಅಂಚಿಗೆ ಜಾರಬೇಕಾಯಿತು. ಚಿಗರಿಯ ಸೀಟು ಮುಂದೆ ಸರಿಯಿತು. ರಾಮಲಿಂಗಪ್ಪ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹಿಂದೆ ಎತ್ತಿನ ಗೊರಸು ನೋಡುತ್ತಿದ್ದ ಕಣ್ಣಿನಿಂದಲೇ ಸೊಸೆಯ ಪಾದ ನೋಡಿದ. ಪಾದ ಕ್ಲಚ್ಚಿನ ಮೇಲೆ ಪೂರ್ತಿ ಕೂತಿತ್ತು, ಬೆನ್ನು ಸೀಟಿಗೆ ಆನಿಕೊಂಡಿತ್ತು.

"ಹೂಂ, ಹಿಡಿ," ಎಂದ ರಾಮಲಿಂಗಪ್ಪ.

"ಅಪ್ಪಾ, ಬೀಗರು ಏನಂತಾರ?" ಎಂದು ಶಿವಾಜಿ ಕೆಣಕಿದ.

"ಬೀಗರು ಬಂದು ನಮ್ಮ ತೋಟಕ್ಕ ಔಷಧ ಹೊಡೀತಾರೇನಲೇ?"

ಬಂದೇನವಾಜ ಇನ್ನೊಂದು ಮಾತು ಹೇಳುವುದನ್ನು ಮರೆಯಲಿಲ್ಲ. "ತಂಗೀ, ಮೊದಲ ಲೈಸೆನ್ಸ್ ಮಾಡಸು. ತಿರಗೂ ಶಾಫ್ಟಿನ ಮುಚ್ಚಳ ಒಂದು ದಿನಾನೂ ತಗೀಬ್ಯಾಡ. ಸೆರಗು ಸಿಕ್ರ ಮನಷಾನ್ನ ಸುದ್ದಾ ಎಳಕೋತದ." ದುಂಡವ್ವ ಒಳಗೆ ಹೋಗಿ ಮಗನ ಹಳೆಯ ಖಾಕಿ ಅಂಗಿ ತಂದು ಸೊಸೆಗೆ ಕೊಟ್ಟಳು. ಸೆರಗು ಒಳಗೆ ಬಿಗಿದು, ಮೇಲೆ ಖಾಕಿ ಅಂಗಿ ತೊಟ್ಟು, ಮೂಗಿಗೆ ಮಾಸ್ಕ್ ಕಟ್ಟಿದ ಸುವರ್ಣಾಳನ್ನು ನೋಡಿ ಶಿವಾಜಿ, "ಒಂದು ಟಿಕೀಟು ಕೊಡ್ರಿ ಕಂಡಕ್ಟರ್ ಬಾಯಾರ," ಎಂದ. ಎಲ್ಲರೂ ನಕ್ಕರು.

ಬಸವ ಜಯಂತಿಗೆ ಚಿಗರಿ ಅಂಗಳಕ್ಕೆ ಬಂತು, ಕೆಲವು ತಿಂಗಳಲ್ಲಿ ಸುವರ್ಣಾಳ ಕೈಗೆ ಲೈಸೆನ್ಸೂ ಬಂತು. ಅಕ್ಟೋಬರಿನಲ್ಲಿ ವರ್ಷದ ಎರಡನೇ ಚಾಟ್ನಿ ಆಗಿ, ಬಳ್ಳಿ ಚಿಗುರಿ, ಒಂದು ರಾತ್ರಿ ಮಳೆ ಹೊಡೆಯಿತು. ಬೆಳಗ್ಗೆ ಆರಕ್ಕೆ ಸುವರ್ಣಾ ಟ್ರ್ಯಾಕ್ಟರ್ ಹೂಡಿದಳು. ಹೊಸ ಎತ್ತುಗಳ ಮುಂದೆ ಮೊದಲ ದಿನ ನಡೆಯುತ್ತಿದ್ದ ಹಾಗೆ ರಾಮಲಿಂಗಪ್ಪ ತೋಟದ ಬಾಗಿಲವರೆಗೆ ಅದರ ಮುಂದೆ ನಡೆದು, ಔಷಧಿ ಹಾರುವ ಮೊದಲು ಪಕ್ಕಕ್ಕೆ ಸರಿದ. ಹೊತ್ತೇರುವಷ್ಟರಲ್ಲಿ ಎರಡೆಕರೆ ಮುಗಿಯಿತು. ಮೊದಲಾದರೆ ಎರಡು ದಿನ ಹಿಡಿಯುತ್ತಿತ್ತು.

ಸುವರ್ಣಾ ಕೈಕಾಲು ತೊಳೆದು ಬಂದಾಗ ಮಾವ ಕೊಟ್ಟಿಗೆಯಲ್ಲಿದ್ದ. ಆ ಉದ್ದನೆಯ ಪೈಪನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ನೊಗ ತೂಗುಹಾಕಿದ ಗೂಟಕ್ಕೇ ಏರಿಸುತ್ತಿದ್ದ. ಒಂದು ಬಟ್ಟಲಲ್ಲಿ ಅರಿಶಿನ ಕಲೆಸಿದ ಎಣ್ಣೆ ಇತ್ತು.

"ನಿಮ್ಮ ಅತ್ತಿ ಕೈಲೆ ಹಚ್ಚಿಸಿಕೋ ಯವ್ವಾ," ಎಂದ, ತಿರುಗಿ ನೋಡದೆ. "ಎತ್ತಿನ ಹೆಗಲು ದಿನಾ ನೋಡಿದೆ. ಮನಿಮಗಳ ಹೆಗಲು ನೋಡಲಿಲ್ಲ. ಇವೆರಡೂ ಇನ್ನ ಈ ಗೂಟದ ಮ್ಯಾಲ ಇರಲಿ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಟ್ರ್ಯಾಕ್ಟರಿನ ಮಾತು ನಡೆದಿದ್ದರೆ, ಬಣ್ಣದ ಕಾಗದ ಮಡಚಿಟ್ಟು ಮೊದಲು ಸಾಲಿಗೆ ಹೋಗಿ. ಬೆಳೆ ತುಂಬಿ ನಿಂತಾಗ ಎಷ್ಟು ದಾರಿ ಉಳಿಯುತ್ತದೆ ಎಂದು ಅಳೆಯಿರಿ. ಬೋಳು ಹೊಲದ ಅಳತೆ ನಂಬಬೇಡಿ. ಒಂದೇ ಕಂಪನಿಗೆ ಸೋಲದೆ ಎರಡನ್ನಾದರೂ ನಿಮ್ಮ ಹೊಲಕ್ಕೇ ತರಿಸಿ, ನಿಮ್ಮ ಕೆಲಸವನ್ನೇ ಮಾಡಿಸಿ ನೋಡಿ. ಕೆಟ್ಟರೆ ರಿಪೇರಿ ಎಲ್ಲಿ, ಬಿಡಿ ಭಾಗ ಎಲ್ಲಿ ಎಂದು ಸಂಕೋಚವಿಲ್ಲದೆ ಕೇಳಿ. ಶಾಫ್ಟಿನ ಮುಚ್ಚಳ ಇದೆಯೇ ನೋಡಿ. ನಿಮ್ಮ ಮನೆಯಲ್ಲಿ ಅದನ್ನು ಓಡಿಸುವವರು ಯಾರೋ ಅವರನ್ನೇ ಸೀಟಿನ ಮೇಲೆ ಕೂರಿಸಿ, ಅವರ ಕಾಲು ಎಟಕುತ್ತದೆಯೇ ಎಂದು ಬಗ್ಗಿ ನೋಡಿ. ಹಾಗೆ ನೋಡಿ ಎದ್ದಾಗ, ಅವರ ಹೆಗಲನ್ನೂ ಒಮ್ಮೆ ನೋಡಿ.