ಖಾಲಿ ಮೊಳೆ

ಟೈಲರಮ್ಮ ಎರಡನೇ ಹೆಂಡತಿಯಾಗಿ ಈ ಮನೆಗೆ ಕಾಲಿಟ್ಟ ದಿನವೇ ಅವಳ ಗಂಡ ಒಂದು ಘನಂದಾರಿ ಕೆಲಸ ಮಾಡಿಟ್ಟಿದ್ದ. ಹೊಸಬಳಿಗೆ ಬೇಜಾರಾದೀತು ಅಂತ, ನಡುಮನೆಯ ಗೋಡೆಯಲ್ಲಿದ್ದ ತೀರಿಹೋದ ಮೊದಲ ಹೆಂಡತಿಯ ಫೋಟೋ ತೆಗೆದು ಬೀರುವಿನ ಹಿಂದೆ ಇಟ್ಟುಬಿಟ್ಟಿದ್ದ. ಹಾಗೆ ಮಾಡು ಅಂತ ಇವನಿಗೆ ಹೇಳಿದವರ್ಯಾರು? ಆ ಮೊದಲ ಹೆಂಡತಿಯ ಮಗಳು ಪುಟ್ಟಿ ಅವತ್ತಿನಿಂದ ಊಟಕ್ಕೆ ಕೂತರೆ ಸಾಕು, ಆ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಟೈಲರಮ್ಮ ಏನು ಕೇಳಿದರೂ "ಹೂಂ", "ಬೇಡ", ಅಷ್ಟೇ. ಈ ಮಗು ತನ್ನನ್ನ ಒಂಚೂರು ಹಚ್ಚಿಕೊಳ್ಳಲಿ ಅಂತ ಟೈಲರಮ್ಮನ ಜೀವ ಹಾತೊರೆಯುತ್ತಿತ್ತು.

"ಫೋಟೋ ತಾನಾಗೇ ಬದಲಾಗೋ ಫ್ರೇಮ್ ಬಂದಿದೆಯಂತೆ. ಅದರಲ್ಲಿ ಎಲ್ಲರಿಗೂ ಜಾಗ ಸಿಗುತ್ತೆ" ಅಂತ ಒಂದು ಭಾನುವಾರ ಇಬ್ಬರನ್ನೂ ಅಂಗಡಿಗೆ ಹೊರಡಿಸಿದಳು.

ಗಂಡ ಹೋದವನೇ ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದ. "ಇದರಲ್ಲಿ ಹಾಡೂ ಬರುತ್ತೆ ಕಣೇ!"

"ಹಾಡು ಕೇಳೋಕೆ ಬಂದಿದೀವಾ? ಸುಮ್ನಿರಿ." ಟೈಲರಮ್ಮ ಅಂಗಡಿಯವನ ಕಡೆ ತಿರುಗಿದಳು. "ಒಂದು ಫೋಟೋ ಮಾತ್ರ ಜಾಸ್ತಿ ಹೊತ್ತು ನಿಲ್ಲೋ ಹಾಗೆ ಮಾಡಬಹುದೇನಪ್ಪಾ?"

"ಆಗಲ್ಲಮ್ಮ, ಎಲ್ಲಕ್ಕೂ ಒಂದೇ ಟೈಮು. ಬೇಕಾದ್ರೆ ಅದನ್ನೇ ನಾಲ್ಕು ಸಲ ಹಾಕಿ."

ಬಿಸಿಲು ಬಿದ್ದರೂ ಪರದೆಯಲ್ಲಿ ಮುಖ ಮಸುಕಾಗದ, ಮರದ ಬಣ್ಣದ ಅಂಚಿನ ಒಂದು ಫ್ರೇಮನ್ನ ಟೈಲರಮ್ಮ ಆರಿಸಿದಳು.

ಮನೆಗೆ ಬಂದು, ಬೀರುವಿನ ಹಿಂದಿದ್ದ ಫೋಟೋವನ್ನ ಫೋನಿನಲ್ಲಿ ಹಿಡಿದು ಅದನ್ನೇ ಮೊದಲು ಫ್ರೇಮಿಗೆ ಕಳಿಸಿ, ಹಿಂದೆಯೇ ಫೋನಿನಲ್ಲಿದ್ದ ಬೇರೆ ಫೋಟೋಗಳನ್ನೂ ಕಳಿಸಿದಳು. ಪರದೆ ಬೆಳಗಿತು. ಅಮ್ಮ ನಗುತ್ತಿದ್ದಳು. ಪುಟ್ಟಿಯ ಮುಖ ಅರಳಿತು. ನೋಡನೋಡುತ್ತಿದ್ದ ಹಾಗೇ ಅಮ್ಮ ಸರಿದುಹೋಗಿ, ಅಪ್ಪ ಓಡಿಸುವ ಸ್ಕೂಲ್ ಬಸ್ಸು ಬಂತು.

"ಅಮ್ಮ ಮತ್ತೆ ಹೋದ್ಲು!" ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಟೈಲರಮ್ಮ ತಟ್ಟನೆ ಎದ್ದಳು. ಹಳೆ ಫೋಟೋವನ್ನ ಬಟ್ಟೆ ಚೂರಿನಿಂದ ಒರೆಸಿ, ಸ್ಟೂಲು ಹತ್ತಿ, ಆ ಮೊಳೆಗೇ ತಗುಲಿಹಾಕಿದಳು. "ಇವರು ಇನ್ನೆಲ್ಲೂ ಹೋಗಲ್ಲ ಕಂದ. ಇದು ಅವರ ಜಾಗ."

ಗಂಡ ಪಿಳಿಪಿಳಿ ಕಣ್ಣು ಬಿಟ್ಟ. "ನಿನಗೆ ಬೇಜಾರಾಗಲ್ವೇನೇ?"

"ನಿಮ್ಮ ತಲೆ! ಅವರು ಹೆತ್ತ ಮಗುನ ಮುದ್ದು ಮಾಡೋಕೆ ತಾನೇ ನಾನು ಕಾಯ್ತಿರೋದು?"

ಪುಟ್ಟಿ ಕಣ್ಣೊರೆಸಿಕೊಂಡು ಫ್ರೇಮಿನ ಮುಂದೆ ಕೂತಳು. ಅಮ್ಮ, ಬಸ್ಸು, ಅಪ್ಪ, ತಾನು, ಹಿತ್ತಲ ಬೆಕ್ಕು. ಎಲ್ಲರೂ ಒಂದು ಸುತ್ತು ಬಂದು ಹೋದರು.

"ಇದರಲ್ಲಿ ನೀವೇ ಇಲ್ವಲ್ಲ, ಚಿಕ್ಕಮ್ಮ?"

"ನಂದ್ಯಾಕೆ ಬಿಡು. ಹೊತ್ತು ಮೂಡಿದ್ರೆ ಮಿಷನ್ ಮುಂದೆ ಕೂತಿರ್ತೀನಲ್ಲ, ಕಣ್ಣೆದುರಿಗೇ."

ಪುಟ್ಟಿ ಅವಳ ಕೈಯಿಂದ ಫೋನು ಕಿತ್ತುಕೊಂಡು ಅವಳ ಕಡೆಗೇ ಹಿಡಿದಳು. ಟೈಲರಮ್ಮನ ಕೊರಳಲ್ಲಿ ಅಂಗಡಿಗೂ ಹಾಕಿಕೊಂಡೇ ಹೋಗಿದ್ದ ಅಳತೆ ಟೇಪು, ಕೂದಲಲ್ಲಿ ದಾರದ ಎಳೆ, ಕಣ್ಣ ತುಂಬ ನೀರು.

"ಅಲ್ಲಾಡಬೇಡಿ ಚಿಕ್ಕಮ್ಮ," ಅಂದಳು ಪುಟ್ಟಿ. "ನಿಮ್ಮದನ್ನ ನಾಲ್ಕು ಸಲ ಹಾಕ್ತೀನಿ."